ಊಟಿ ಪ್ಲಾನ್ ಮಾಡೋಕೆ ಮುಂಚೆ ಇದನ್ನ ಓದಿ | ಭಾಗ 3

ಎಕ್ಸಾಮ್ ಮುಗೀತು, ಮನೆಯವರ ಜೊತೆ ಊಟಿಗೆ ಹೋಗೋ ಪ್ಲಾನಾ? ನಿಮ್ಮ ಲಿಸ್ಟಲ್ಲಿ ಲೇಕ್, ಬೊಟಾನಿಕಲ್ ಗಾರ್ಡನ್, ಟಾಯ್ ಟ್ರೇನ್ ಇದ್ದೇ ಇರುತ್ತೆ. ಇವನ್ನೆಲ್ಲ ಯಾರಿಗೋಸ್ಕರ ಮಾಡಿದ್ದು ಗೊತ್ತಾ?

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿದ. ಕೆಳಗಿನ ಬಿಸಿಲಿಗೆ ಬಸವಳಿದಿದ್ದ ಬ್ರಿಟಿಷರಿಗೆ ಆ ತಂಪೇ ಔಷಧಿ. ಸಲಿವನ್ ಅಲ್ಲಿ ಸ್ಟೋನ್ ಹೌಸ್ ಕಟ್ಟಿದ, ಕಟ್ಟೆ ಹಾಕಿಸಿ ಕೆರೆ ಮಾಡಿಸಿದ. ಹೌದು, ಊಟಿ ಲೇಕ್ ಮನುಷ್ಯರು ಮಾಡಿದ್ದು! 1848ರಲ್ಲಿ ಗಾರ್ಡನ್ ಶುರುವಾಯ್ತು. ರೈಲು 1899ಕ್ಕೆ ಕೂನೂರು, 1908ಕ್ಕೆ ಊಟಿ ಮುಟ್ಟಿತು. ಬೇಸಿಗೆ ಬಂದ್ರೆ ಮದ್ರಾಸ್ ಸರ್ಕಾರವೇ ಬೆಟ್ಟ ಹತ್ತುತ್ತಿತ್ತು.

ಆದ್ರೆ ಆ ಜಾಗ ಖಾಲಿ ಇರಲಿಲ್ಲ. ಅದು ತೋಡರ ಎಮ್ಮೆಗಳು ಮೇಯೋ ಹುಲ್ಲುಗಾವಲು. ‘ಊಟಕಮಂಡ್’ ಅನ್ನೋ ಹೆಸರಿನ ‘ಮಂಡ್’ ಅಂದ್ರೇನೇ ತೋಡರ ಹಟ್ಟಿ. ಸಲಿವನ್ ಅವರಿಂದ ಎಕರೆಗೆ 1 ರೂಪಾಯಿಯಂತೆ ಜಮೀನು ತಗೊಂಡ ಅಂತಾರೆ. ನಾವು ಕಾಮರ್ಸ್‌ನವರು ಇದನ್ನ ‘ಪರ್ಚೇಸ್’ ಅಂತ ಬರೀಬಹುದು. ಆದ್ರೆ ಮೇವು ಕಳ್ಕೊಂಡ ಎಮ್ಮೆಗಳ ಲೆಕ್ಕ ಯಾವ ಕಾಲಮ್ಮಿಗೆ? ಮುಂದೆ ಸಲಿವನ್ನೇ ತೋಡರ ಹಕ್ಕಿನ ಪರ ವಾದ ಮಾಡಿದ. ಅಷ್ಟೊತ್ತಿಗೆ ಊರು ಬೆಳೆದಾಗಿತ್ತು.

ಅಲ್ಲಿನ ಬಡಗರು ನಮಗೂ ದೂರದವರಲ್ಲ. ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಹೋದವರು. ಬಡಗ ಅಂದ್ರೆ ಉತ್ತರದವರು. ಅವರ ಮಾತು ಕಿವಿಗೊಟ್ಟು ಕೇಳಿ, ಕನ್ನಡದ ಪದಗಳು ಸಿಗ್ತವೆ.

ಹೋಗಿ, ಖುಷಿಯಾಗಿ ಸುತ್ತಿ ಬನ್ನಿ. ಗಾರ್ಡನ್ ಮೇಲ್ಗಡೆ ಇವತ್ತಿಗೂ ತೋಡರ ಹಟ್ಟಿ ಇದೆ. ಕೇಳದೆ ಫೋಟೋ ತೆಗೀಬೇಡಿ. ನಾವು ಹೋಗ್ತಿರೋದು ಅವರ ಊರಿಗೆ.

ಪ್ಲಾನ್ ಹಾಕ್ತಿರೋ ಫ್ರೆಂಡ್‌ಗೆ ಶೇರ್ ಮಾಡಿ.

#ಊಟಿ #ನೀಲಗಿರಿ #ಇತಿಹಾಸ