ಕ್ರೋಧದ ವಾಸನಾಕಾಲ

ಗಂಗರಸರಾದ ಮಾರಸಿಂಹ ಹಾಗೂ ರಾಚಮಲ್ಲರಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನ ಬಿರುದುಗಳನ್ನು ಒಮ್ಮೆ ಸಾವಧಾನವಾಗಿ ಓದಬೇಕು. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ, ವೈರಿಕುಲಕಾಲದಂಡ. ಇವುಗಳ ನಡುವೆ ‘ಸಮರಪರಶುರಾಮ’ ಎಂಬುದೂ ಒಂದು. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿ ಸೇಡು ತೀರಿಸಿಕೊಂಡುದಕ್ಕಾಗಿ ಬಂದ ಬಿರುದದು. ಸತ್ಯಯುಧಿಷ್ಠಿರ, ಸಮ್ಯಕ್ತ್ವರತ್ನಾಕರ ಎಂದೂ ಅದೇ ಪುರುಷನನ್ನು ಜನ ಕರೆದರು.

ಈತನು ಬೆಳ್ಗೊಳದಲ್ಲಿ ನಿಲ್ಲಿಸಿದ ಬಾಹುಬಲಿಯ ವಿಗ್ರಹವನ್ನು ಕುರಿತು ಬರೆದವರು ಅನೇಕರು. ಈತನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ವನ್ನು ಮನೆಯಲ್ಲಿ ಪೂಜೆಗಿಟ್ಟವರು ಹೆಚ್ಚು, ಬಿಚ್ಚಿ ಓದಿದವರು ಕಡಿಮೆ. ಪ್ರಾಕೃತ ಬಾರದೆಂಬ ನೆಪವೂ ಕನ್ನಡಿಗರಿಗೆ ಸಲ್ಲದು. ಕೇಶವವರ್ಣಿಯು 1359ರಲ್ಲಿಯೇ ಅದಕ್ಕೆ ಕನ್ನಡ ವೃತ್ತಿಯನ್ನು ಬರೆದಿರುವನು.

ಅದರ ಜೀವಕಾಂಡವು ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸುತ್ತದೆ: ಕಲ್ಲಿನ ಬಿರುಕು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಕರ್ಮಕಾಂಡವು ಕಷಾಯಗಳಿಗೆ ಅವಧಿಯನ್ನೇ ಹೇಳುತ್ತದೆ. ಸಂಜ್ವಲನದ ವಾಸನಾಕಾಲ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಭವಭವಾಂತರಕ್ಕೆ ಹಿಂಬಾಲಿಸುವುದು ಅನಂತಾನುಬಂಧಿ. ಸಿಟ್ಟು ಎಷ್ಟು ಉರಿಯಿತು, ಎಷ್ಟು ಗಟ್ಟಿಯಾಗಿ ಕೂಗಿದೆವು ಎಂಬುದು ಇಲ್ಲಿ ಅಳತೆಗೋಲಲ್ಲ. ಉರಿ ಆರಿದ ಮೇಲೆ ಅದರ ವಾಸನೆ ಎಷ್ಟು ದಿನ ಉಳಿಯಿತು ಎಂಬುದೇ ಪ್ರಶ್ನೆ. ಗದರುವ ಯಜಮಾನನಿಗಿಂತ, ಮೃದುವಾಗಿ ಮಾತನಾಡುತ್ತ ಹಗೆಯನ್ನು ಕಾಪಾಡಿಕೊಂಡು ಬರುವ ಸಭ್ಯ ಗೃಹಸ್ಥನೇ ಹೆಚ್ಚಿನ ಅಪಾಯದಲ್ಲಿರುವನು. ಅನಂತಾನುಬಂಧಿಯು ಕೆಡಿಸುವುದು ಸಮ್ಯಕ್ತ್ವವನ್ನೇ ಎಂಬುದನ್ನು ಮರೆಯಬಾರದು. ತಮ್ಮನ ಸಾವಿಗೆ ಸೇಡು ತೀರಿಸಿದವನು ಈ ಗಾಥೆಯನ್ನು ಹೇಗೆ ಕೇಳಿರಬಹುದು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ನಮ್ಮ ನಿತ್ಯಕ್ರಿಯೆಗಳೂ ಇದೇ ಲೆಕ್ಕವನ್ನು ಬಲ್ಲವು. ಸಾಮಾಯಿಕವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ, ಒಂದು ಮುಹೂರ್ತ. ಆಗ ಕೋಪವನ್ನು ಅದುಮಬೇಕಿಲ್ಲ. ‘ಇದು ಕರ್ಮದ ಉದಯ, ನಾನು ಇದನ್ನು ತಿಳಿಯುವವನು, ನೋಡುವವನು’ ಎಂಬ ಎಚ್ಚರದಿಂದ, ಎದೆಯಲ್ಲಿ ಏಳುವ ಬಿಸಿಯನ್ನೂ ನಾಲಗೆಯ ತುದಿಗೆ ಬಂದ ಮಾತನ್ನೂ ನೋಡುತ್ತ ಕುಳಿತರೆ ಸಾಕು. ಕೋಪಕ್ಕೆ ಹೊಸ ಸೌದೆ ಬೀಳುವುದಿಲ್ಲ. ಅಲ್ಲಿ ತಪ್ಪಿದ್ದಕ್ಕೆ ದೈವಸಿಕ ಪ್ರತಿಕ್ರಮಣವಿದೆ. ಅಲ್ಲಿಯೂ ತಪ್ಪಿದರೆ ಪಾಕ್ಷಿಕವಿದೆ. ವ್ರತಿಕ ಶ್ರಾವಕನ ಕ್ರೋಧ ಹದಿನೈದು ದಿನ ದಾಟಬಾರದೆಂಬುದಕ್ಕೂ ಪಾಕ್ಷಿಕ ಪ್ರತಿಕ್ರಮಣಕ್ಕೂ ಇರುವ ಹೊಂದಿಕೆ ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

ವ್ಯಾಪಾರಿಯಾದ ನನಗೆ ಇದು ತಡವಾಗಿ ತಿಳಿಯಿತು. ಹಿಂದೊಮ್ಮೆ ಬಸದಿಯ ಸಭೆಯಲ್ಲಿ ಸಹಧರ್ಮಿಯೊಬ್ಬರು ನಾನು ಬರೆದ ಜಮಾಖರ್ಚನ್ನು ಎಲ್ಲರೆದುರು ಸಂದೇಹಿಸಿದರು. ಲೆಕ್ಕ ಸರಿಯಿತ್ತು, ಮರುದಿನ ಅವರೇ ಒಪ್ಪಿಕೊಂಡರು. ಆದರೂ ಒಂಬತ್ತು ವರ್ಷ ನಾನು ಅವರೊಡನೆ ಮಾತನಾಡಲಿಲ್ಲ. ಪ್ರತಿ ದೀಪಾವಳಿಗೂ ಹಳೆಯ ಬಾಕಿಗಳನ್ನು ಹೊಸ ಖಾತೆಗೆ ಎಳೆದುಕೊಳ್ಳುವಂತೆ ಈ ಬಾಕಿಯನ್ನೂ ಎಳೆದುಕೊಂಡೆ. ಕ್ಷಮಾವಣಿಯ ದಿನ ಊರಿಗೆಲ್ಲ ಕೈಮುಗಿದು, ಅವರು ನಿಂತ ಬಾಗಿಲನ್ನು ಮಾತ್ರ ತಪ್ಪಿಸಿ ಬರುತ್ತಿದ್ದೆ. ಸ್ವಾಧ್ಯಾಯದಲ್ಲಿ ‘ಆರು ತಿಂಗಳು’ ಎಂಬ ಪದವನ್ನು ಓದಿದಂದು ಪುಸ್ತಕವನ್ನು ಅಲ್ಲಿಯೇ ಮುಚ್ಚಿ ಅವರ ಅಂಗಡಿಗೆ ಹೋದೆ. ಅವರು ಗಾದಿಯ ಮೇಲೆ ಜಾಗ ಬಿಟ್ಟು ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಅದು ಯಾವ ವರ್ಷದ ಸಭೆ ಎಂದು ವಿಚಾರಿಸಿದರು. ಸೂರ್ಯಾಸ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದುದರಿಂದ ಊಟಕ್ಕೂ ನಿಲ್ಲಿಸಿಕೊಂಡರು.