ಗದ್ದೆ ದುಡ್ಡಿಗಿಲ್ಲ, ಹಾಲಿನ ದುಡ್ಡಿಗೆ ಲೆಕ್ಕ ಅದೆ

ಅಕ್ಕದೀರಾ, "ನಾವು ಬೇಸಾಯದೋರು, ನಮಗ್ಯಾವ ಇನ್‌ಕಮ್ ಟ್ಯಾಕ್ಸು?" ಅನ್ನೋ ಮಾತು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಎಲ್ರ ಬಾಯಲ್ಲೂ ಬತ್ತದೆ. ಅದು ಅರ್ಧ ದಿಟ. ಉಳಿದರ್ಧ ತಿಳೀಬೇಕಂದ್ರೆ ಹಳೇ ಕತೆ ಗೊತ್ತಿರಬೇಕು.

1857ರ ದಂಗೆ ಅಡಗಿಸೋದ್ರಲ್ಲಿ ಇಂಗ್ಲಿಷರ ಬೊಕ್ಕಸ ಬರಿದಾಯ್ತು. ಅದನ್ನ ತುಂಬಿಸೋಕೆ ಜೇಮ್ಸ್ ವಿಲ್ಸನ್ ಅನ್ನೋರು 1860ರಲ್ಲಿ ಆದಾಯ ತೆರಿಗೆ ತಂದ್ರು. ವರ್ಷಕ್ಕೆ 200 ರೂಪಾಯಿ ಇದ್ದೋರೂ ಕಟ್ಬೇಕಿತ್ತು, ಜಮೀನಿನ ಆದಾಯನೂ ಅದರೊಳಗೆ ಸೇರ್ತಿತ್ತು. ಐದು ವರ್ಷಕ್ಕೆ ನಿಂತೋಯ್ತು, ಆಮೇಲೆ ಬೇರೆ ಬೇರೆ ರೂಪದಲ್ಲಿ ಬಂದು ಹೋಗಿ ಮಾಡ್ತು. ಕೊನೆಗೆ 1886ರ ಕಾಯ್ದೇಲಿ ಬೇಸಾಯದ ಆದಾಯನ ಕೈಬಿಟ್ರು. ರೈತ ಭೂಮಿಗೆ ಆಗ್ಲೇ ಕಂದಾಯ ಕಟ್ತಾನೆ, ಒಂದೇ ಹೊಲಕ್ಕೆ ಎರಡು ಸಲ ಯಾಕೆ ಅಂತ.

ನಮ್ಮ ಮೈಸೂರು ಸಂಸ್ಥಾನಕ್ಕೆ 1923ರದ್ದು ಬೇರೆ ಕಾಯ್ದೆ ಇತ್ತು. 1950ರ ಏಪ್ರಿಲ್ 1ರಿಂದ ದೆಹಲಿ ಕಾನೂನೇ ಇಲ್ಲಿಗೂ ಬಂತು. ಬೇಸಾಯದ ಆದಾಯಕ್ಕೆ ತೆರಿಗೆ ಹಾಕೋ ಅಧಿಕಾರನ ಸಂವಿಧಾನ ರಾಜ್ಯಕ್ಕೆ ಕೊಟ್ಟದೆ, ಕೇಂದ್ರಕ್ಕಲ್ಲ.

ಅದಕ್ಕೇ ಕಬ್ಬು, ಭತ್ತ, ರಾಗಿ ಮಾರಿದ ದುಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಆದ್ರೆ ಅದೇ ಕಬ್ಬಿನ ದುಡ್ಡನ್ನ ಬ್ಯಾಂಕಲ್ಲಿ ಎಫ್.ಡಿ. ಇಟ್ರೆ, ಬರೋ ಬಡ್ಡಿ ಬೇಸಾಯದ್ದಲ್ಲ. ನಾವು ಹೆಂಗಸ್ರು ಬೆಳಗ್ಗೆ ಸಂಜೆ ಡೈರಿಗೆ ಹಾಕ್ತೀವಲ್ಲ, ಗೆಜ್ಜಲಗೆರೆಗೆ ಹೋಗೋ ಹಾಲು, ಆ ದುಡ್ಡೂ ಅಲ್ಲ! ಭೂಮಿ ಉತ್ತು ಬಿತ್ತಿ ಬೆಳೆದದ್ದು ಬೇಸಾಯ, ಹಸ ಸಾಕಿ ಹಾಲು ಮಾರೋದು ಬೇರೆ ಕಸುಬು, ಇದು ಕಾನೂನಿನ ಲೆಕ್ಕ.

ಗಾಬರಿ ಬೇಡ ಕಣ್ರವ್ವ. ಲೆಕ್ಕಕ್ಕೆ ಬತ್ತದೆ ಅಂದ್ರೆ ಕಟ್ಟಲೇಬೇಕು ಅಂತಲ್ಲ. 2025ರ ಬಜೆಟ್ಟಲ್ಲಿ, ಹೊಸ ಪದ್ಧತೀಲಿ, ಇಂಥ ಆದಾಯ ವರ್ಷಕ್ಕೆ 12 ಲಕ್ಷದ ತನಕ ಇದ್ರೆ ತೆರಿಗೆ ಸೊನ್ನೆ ಮಾಡವ್ರೆ. ಆದ್ರೂ ಒಂದು ಬ್ಯಾಂಕಲ್ಲಿ ವರ್ಷದ ಬಡ್ಡಿ 50,000 ರೂಪಾಯಿ ದಾಟಿದ್ರೆ (60 ವರ್ಷ ಆದೋರಿಗೆ 1 ಲಕ್ಷ) ಅವರು ನೂರಕ್ಕೆ 10 ಮೊದಲೇ ಹಿಡ್ಕೊತಾರೆ. ಪ್ಯಾನ್ ಕೊಡದಿದ್ರೆ ನೂರಕ್ಕೆ 20. ಹಿಡಿದದ್ದು ಹೋಯ್ತು ಅಂತ ಸುಮ್ನಾಗಬೇಡಿ. ತೆರಿಗೆ ಬೀಳದೋರು ರಿಟರ್ನ್ ಹಾಕಿದ್ರೆ ಆ ದುಡ್ಡು ವಾಪಸ್ ಬತ್ತದೆ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಗಂಡ ಹೆಂಡ್ತಿಗೆ ತೆರಿಗೆ ಲೆಕ್ಕ ಬೇರೆ ಬೇರೆ. ಹಾಲಿನ ದುಡ್ಡು ನಿಮ್ಮ ದುಡಿಮೆ. ನಿಮ್ಮ ಹೆಸರಲ್ಲಿ ಪಾಸ್‌ಬುಕ್ಕು, ಪ್ಯಾನ್ ಕಾರ್ಡು ಎರಡೂ ಇರ್ಲಿ. ವರ್ಷಕ್ಕೊಂದ್ಸಲ, ಏಪ್ರಿಲ್ ಬಂದಾಗ, ಬಡ್ಡಿ ಎಷ್ಟು ಬಂತು, ಹಿಡಿದದ್ದೆಷ್ಟು ಅಂತ ನೀವೇ ಓದಿ ನೋಡ್ಕಳಿ.