60,000 ಡಾಲರಿನ ಚೀಲ

ವೈನಿ, ಮಾವಶಿ, ಈ ಸಲ ಅಡಗಿ ಮಾತು ಬಿಟ್ಟು ಒಂದು ಹಳೇ ಸಿನಿಮಾದ ಇತಿಹಾಸ ಹೇಳ್ತೀನಿ. ಹೆಸರು ‘ಟೂ ಲೇಟ್ ಫಾರ್ ಟಿಯರ್ಸ್’. ಇನ್ನ ಅತ್ತು ಉಪಯೋಗಿಲ್ಲ ಅಂದಂಗ. 1949ರಾಗ ಅಮೆರಿಕಾದಾಗ ಬಂದ ಕೊಲಿ ಸಿನಿಮಾ, ಬೈರನ್ ಹಾಸ್ಕಿನ್ ನಿರ್ದೇಶನ.

ರಾತ್ರಿ ಲಾಸ್ ಏಂಜಲೀಸಿನ ಗುಡ್ಡದ ದಾರಿಯೊಳಗ ಗಂಡ ಹೆಂಡತಿ ಕಾರಿನಾಗ ಹೊಂಟಿರ್ತಾರ. ಎದುರಿಗೆ ಬಂದ ಕಾರಿನವ ಒಂದು ಚೀಲ ಇವರ ಕಾರಿನಾಗ ಒಗದು ಹೋಗ್ತಾನ. ಬಿಚ್ಚಿದ್ರ 60,000 ಡಾಲರ್! ಪೊಲೀಸರಿಗೆ ಕೊಡೋಣು ಅಂತಾನ ಗಂಡ. ಹೆಂಡತಿ ಜೇನ್‌ಗೆ ಮನಸ್ಸಾಗೂದಿಲ್ಲ. ಆ ಪಾತ್ರ ಲಿಝಬೆತ್ ಸ್ಕಾಟ್ ಮಾಡ್ಯಾಳ. ರೊಕ್ಕ ಕೇಳ್ಕೋತ ಮನಿಗೆ ಬರೋ ಪುಂಡ ಡ್ಯಾನ್ ಡ್ಯೂರಿಯಾ. ಮೊದಲ ಕಪಾಳಕ್ಕ ಹೊಡದವ, ಕಡೀಕ ಅಕಿನ್ನ ಕಂಡು ತಾನೇ ಹೆದರ್ತಾನ.

ಜೇನ್ ಏನೂ ಉಪವಾಸ ಬಿದ್ದಾಕಿ ಅಲ್ರಿ. ಚಲೋ ಮನಿ, ಚಲೋ ಗಂಡ. ಮಂದಿ ಸರಿಸಮ ಇರಲಿಕ್ಕಾಗವೊಲ್ದು ಅನ್ನೋದೊಂದೇ ಸಂಕಟ. ಬಾಜೂ ಮನಿಯಾಕಿ ಹೊಸ ಪಾಟಲಿ ತೋರಿಸಿದಾಗ ನಮ್ಮ ಹೊಟ್ಟಿಯೊಳಗ ಆಗ್ತದಲ್ಲ, ಅದ.

ಮುಂದ ಈ ಸಿನಿಮಾಕ್ಕ ಹಕ್ಕುದಾರರ ಇಲ್ಲಧಂಗಾತು. ಯಾರ ಬೇಕಾದ್ರೂ ನಕಲು ತೆಗೀಬಹುದು. ಎಲ್ಲಾರದೂ ಆತು ಅಂತ ಯಾರೂ ಜ್ವಾಪಾನ ಮಾಡಲಿಲ್ಲ. ಟಿವಿಗೆ ಓಡಿಸಿ ಸವದ ರೀಲಿನಿಂದ ನಕಲು, ಆ ನಕಲಿನಿಂದ ಮತ್ತೊಂದು ನಕಲು. ವರ್ಷಾನುಗಟ್ಟಲೆ ಮಂದಿ ನೋಡಿದ್ದು ಅಂಥ ಮಸಕು ಚಿತ್ರಾನ. ಅದಕ್ಕ ಹಳೇ ಸಿನಿಮಾ ಕೂಡಿಡೋ ಹವ್ಯಾಸದವರಿಗೆ ಇದರ ಸ್ವಚ್ಛ ಪ್ರತಿ ಅಂದ್ರ ಬಂಗಾರ.

ಕಡೀಕ ಫಿಲ್ಮ್ ನ್ವಾರ್ ಫೌಂಡೇಶನ್ನಿನವರು, ಯುಸಿಎಲ್ಎ ವಿಶ್ವವಿದ್ಯಾಲಯದ ಸಂಗ್ರಹಾಲಯದವರು ಕೂಡಿ ಹುಡುಕಿದ್ರು. ಅಮೆರಿಕಾದ ಸಿನಿಮಾದ ಚಲೋ ನೆಗೆಟಿವ್ ಸಿಕ್ಕಿದ್ದು ಫ್ರಾನ್ಸಿನಾಗ! ಅಲ್ಲಿ ಇದರ ಹೆಸರು ‘ಲಾ ತಿಗ್ರೆಸ್’, ಹೆಣ್ಣುಹುಲಿ. ನಮ್ಮನಿ ಹೆಪ್ಪು ಕೆಟ್ರ ಬಟ್ಟಲಾ ಹಿಡ್ಕೊಂಡು ಬಾಜೂ ಮನಿಗೆ ಹೋಗ್ತೀವಲ್ಲ, ಹಂಗ. ಅದರಾಗ ಕಡಿಮಿ ಬಿದ್ದದ್ದನ್ನ ಬ್ಯಾರೆ ಪ್ರತಿಗಳಿಂದ ತುಂಬಿಸಿ 2014ರಾಗ ಪರದೆಗೆ ತಂದ್ರು. 2016ರಾಗ ಡಿಸ್ಕೂ ಬಂತು.

ನಾ ಮೊದಲ ನೋಡಿದ್ದು ಮಸಕು ಪ್ರತಿ, ಮಾರಿಗೆಲ್ಲಾ ಹಿಟ್ಟು ಬಳದಂಗ ಕಾಣ್ತಿತ್ತು. ಜೇನ್ ಅಂದ್ರ ಬರೇ ರಾಕ್ಷಸಿ ಅಂದ್ಕೊಂಡಿದ್ದೆ. ಸ್ವಚ್ಛ ಪ್ರತಿಯೊಳಗ ಕೆರಿ ಮ್ಯಾಲಿನ ದೋಣಿ ದೃಶ್ಯ ಮತ್ತ ನೋಡಿದೆ. ಗಂಡನ್ನ ಕೊಲ್ಲಲಿಕ್ಕೆ ಪಿಸ್ತೂಲು ತಂದಾಕಿ ಮನಸ್ಸು ಬದಲಿಸಿ, ದಂಡಿಗೆ ಹೋಗೋಣು ಅಂತ ಬೇಡ್ಕೋತಾಳ. ಅಂವಾ ಸಿಗರೇಟ್ ತೊಗೋಳಿಕ್ಕೆ ಅಕಿ ಚೀಲಕ್ಕ ಕೈ ಹಾಕ್ತಾನ, ಪಿಸ್ತೂಲು ಸಿಕ್ತದ. ಆ ಕತ್ತಲಿಯೊಳಗೂ ಈಗ ಅಕಿ ಮಾರಿ ಕಾಣ್ತದ.